ಗಂಡ ತೀರಿಕೊಂಡರೆ ಅಂತ್ಯಕ್ರಿಯೆಯ ಖರ್ಚು ಹೆಂಡತಿಯ ತಲೆಗೇ? ಕಾನೂನು ಏನು ಹೇಳುತ್ತದೆ?

ಸಂಪಾಜೆ ಕಡೆಯ ಒಂದು ಮನೆ ಎಂದುಕೊಳ್ಳಿ. ಯಜಮಾನ ಬೆಳಿಗ್ಗೆ ತೀರಿಕೊಂಡಿದ್ದಾರೆ. ಅಂಗಳದಲ್ಲಿ ಜನ ಸೇರಿದ್ದಾರೆ. ತೋಟದ ಮೂಲೆಯಲ್ಲಿ ಮಾವಿನ ಮರ ಕಡಿಯುವ ಸದ್ದು ಕೇಳುತ್ತಿದೆ. ಆಂಬುಲೆನ್ಸ್‌ನವರಿಗೆ ಬಾಡಿಗೆ ಕೊಡಬೇಕು, ಶಾಮಿಯಾನದವರು ಮುಂಗಡ ಕೇಳುತ್ತಿದ್ದಾರೆ. ಉತ್ತರಕ್ರಿಯೆಗೆ ಎಷ್ಟು ಜನರಿಗೆ ಊಟ ಎಂಬ ಮಾತೂ ಶುರುವಾಗಿದೆ. ಆಗ ಯಾರೋ ಒಬ್ಬರು ಮೆಲ್ಲನೆ ಹೇಳುತ್ತಾರೆ: "ಏನೇ ಆದರೂ ಇದೆಲ್ಲ ಹೆಂಡತಿಯದ್ದೇ ಜವಾಬ್ದಾರಿ. ಕಾನೂನೇ ಹಾಗಿದೆ."

ಆ ಹೊತ್ತಿಗೆ ಆಕೆ ಅದು ನಿಜವೇ ಎಂದು ಕೇಳುವ ಸ್ಥಿತಿಯಲ್ಲಿ ಇರುವುದಿಲ್ಲ. ಕಿವಿಯ ಓಲೆ ಅಡವಿಗೆ ಹೋಗುತ್ತದೆ, ಇಲ್ಲವೇ ಸಂಘದಲ್ಲಿ ಹೊಸ ಸಾಲಕ್ಕೆ ಸಹಿ ಬೀಳುತ್ತದೆ. ವರ್ಷ ಕಳೆದರೂ ಕಂತು ಮುಗಿಯುವುದಿಲ್ಲ.

ಇಂಥದ್ದೇ ಮಾತುಗಳು ಫಾರ್ವರ್ಡ್ ಆಗಿ ಮೊಬೈಲಿಗೂ ಬರುತ್ತವೆ. "ಗಂಡನ ಸಾಲ ಹೆಂಡತಿ ತೀರಿಸಲೇಬೇಕು", "ಕೊಳ್ಳಿ ಇಟ್ಟವರಿಗೇ ಆಸ್ತಿ", "ಬಾಕಿ ಕಟ್ಟದೆ ಆಸ್ಪತ್ರೆಯಿಂದ ಶವ ಕೊಡುವುದಿಲ್ಲ". ಇವುಗಳಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು? ಒಂದೊಂದಾಗಿ ನೋಡೋಣ.

ಮೊದಲು ನೇರ ಉತ್ತರ

ಉಳಿದಿರುವ ಹೆಂಡತಿ ಅಥವಾ ಗಂಡ ಅಂತ್ಯಕ್ರಿಯೆಯ ಖರ್ಚನ್ನು ತಮ್ಮ ಸ್ವಂತ ದುಡಿಮೆಯಿಂದ, ತಮ್ಮ ಒಡವೆ ಮಾರಿ ಕೊಡಲೇಬೇಕು ಎಂದು ಹೇಳುವ ಸಾಮಾನ್ಯ ಕಾಯ್ದೆ ಭಾರತದಲ್ಲಿ ಇಲ್ಲ. ಕಾನೂನು ಹೇಳುವುದು ಬೇರೆ. ಅಂತ್ಯಕ್ರಿಯೆಯ ಸಮಂಜಸ ಖರ್ಚು ಮೊದಲು ಮೃತರು ಬಿಟ್ಟುಹೋದ ಆಸ್ತಿಯಿಂದ ಹೋಗಬೇಕು.

ಆದರೆ ಒಂದು ಎಚ್ಚರಿಕೆ ಇದೆ. ಗಂಡ ಅಥವಾ ಹೆಂಡತಿ ತಾವೇ ಮುಂದೆ ನಿಂತು "ನೀವು ಮಾಡಿ, ನಾನು ಕೊಡುತ್ತೇನೆ" ಎಂದು ಹೇಳಿದರೆ, ಕಾಗದಕ್ಕೆ ಸಹಿ ಹಾಕಿದರೆ, ಆಗ ಅದು ಅವರದ್ದೇ ಸಾಲ ಆಗುತ್ತದೆ. ಆ ಹೊಣೆ ಬರುವುದು ಮದುವೆಯಿಂದಲ್ಲ, ಕೊಟ್ಟ ಮಾತು ಮತ್ತು ಹಾಕಿದ ಸಹಿಯಿಂದ. ಮುಂದೆ ಹೇಳುವುದೆಲ್ಲ ಈ ವ್ಯತ್ಯಾಸದ ಮೇಲೆಯೇ ನಿಂತಿದೆ.

ಈ ನಂಬಿಕೆ ಬಂದದ್ದು ಎಲ್ಲಿಂದ?

ಒಂದು ಕಾರಣ, ಇಂಟರ್‌ನೆಟ್. ಈ ಪ್ರಶ್ನೆಯನ್ನು ಹುಡುಕಿದರೆ ಸಿಗುವ ಬರಹಗಳಲ್ಲಿ ಅಮೆರಿಕ, ಇಂಗ್ಲೆಂಡಿನವು ಬಹಳ. ಇಂಗ್ಲೆಂಡಿನ ಹಳೆಯ ಕಾನೂನಿನಲ್ಲಿ ಹೆಂಡತಿಯನ್ನು ಮಣ್ಣು ಮಾಡುವ ಹೊಣೆ ಗಂಡನದ್ದಾಗಿತ್ತು. ಮದುವೆಯಾದ ಹೆಣ್ಣಿನ ಹೆಸರಲ್ಲಿ ಆಸ್ತಿಯೇ ಇರದಿದ್ದ ಕಾಲ ಅದು. ಗಂಡ ದೂರದೇಶದಲ್ಲಿದ್ದಾಗ ತೀರಿಕೊಂಡ ಹೆಂಡತಿಯ ಅಂತ್ಯಕ್ರಿಯೆಯನ್ನು ಆಕೆಯ ತಂದೆ ಮಾಡಿಸಿ, ಖರ್ಚನ್ನು ಅಳಿಯನಿಂದ ಕೇಳಿದ ಜೆಂಕಿನ್ಸ್ ವಿರುದ್ಧ ಟಕ್ಕರ್ ಎಂಬ ಪ್ರಕರಣ 1788ರಷ್ಟು ಹಳೆಯದು. ಅದರ ಬೇರಿನಿಂದ ಬೆಳೆದ ನಿಯಮಗಳು ಅಮೆರಿಕದ ಹಲವು ರಾಜ್ಯಗಳಲ್ಲಿ ಇಂದಿಗೂ ಬೇರೆ ಬೇರೆ ರೂಪದಲ್ಲಿ ಇವೆ. ಜರ್ಮನಿಯಲ್ಲಿ ಅಂತ್ಯಕ್ರಿಯೆಯ ಖರ್ಚು ವಾರಸುದಾರರದ್ದು ಎಂದು ಅಲ್ಲಿನ ನಾಗರಿಕ ಸಂಹಿತೆಯೇ ಹೇಳುತ್ತದೆ. ಆ ದೇಶಗಳ ಕಾನೂನನ್ನು ಕನ್ನಡಕ್ಕೆ ತಿರುಗಿಸಿ ಕಳಿಸಿದ ಮಾತ್ರಕ್ಕೆ ಅದು ಸುಳ್ಯ ನ್ಯಾಯಾಲಯದ ಕಾನೂನು ಆಗುವುದಿಲ್ಲ.

ಎರಡನೆಯ ಕಾರಣ, ನಮ್ಮದೇ ಸಂಪ್ರದಾಯ. ಹಳೆಯ ಹಿಂದೂ ಕಾನೂನಿನಲ್ಲಿ ವಿಧವೆಗೆ ಗಂಡನ ಆಸ್ತಿಯಲ್ಲಿ ಇದ್ದದ್ದು ಸೀಮಿತ ಹಕ್ಕು. ಅನುಭವಿಸಬಹುದು, ಮನಸ್ಸಿಗೆ ಬಂದಂತೆ ಮಾರುವಂತಿಲ್ಲ. ಆದರೆ ಗಂಡನ ಅಂತ್ಯಕ್ರಿಯೆ, ಶ್ರಾದ್ಧದಂಥ ಅಗತ್ಯಗಳಿಗೆ ಮಾರಿದರೆ ನ್ಯಾಯಾಲಯಗಳು ಒಪ್ಪುತ್ತಿದ್ದವು. "ಹೆಂಡತಿ ಖರ್ಚು ಮಾಡಬೇಕು" ಎಂಬ ಮಾತಿಗೆ ಇದೂ ಒಂದು ಮೂಲ ಇರಬಹುದು. ಗಮನಿಸಿ, ಅಲ್ಲಿಯೂ ಖರ್ಚಾಗುತ್ತಿದ್ದುದು ಗಂಡನ ಆಸ್ತಿಯೇ, ಆಕೆಯ ಸ್ವಂತ ಗಳಿಕೆ ಅಲ್ಲ. ಆ ಸೀಮಿತ ಹಕ್ಕನ್ನು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಂ ಪೂರ್ಣ ಹಕ್ಕಾಗಿ ಬದಲಾಯಿಸಿತು.

ಹಾಗಾದರೆ ಜೀವನಾಂಶದ ಕಾನೂನು? 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಜೀವನಾಂಶ ಎಂದರೆ ಏನು ಎಂದು ಪಟ್ಟಿ ಕೊಡುತ್ತದೆ. ಊಟ, ಬಟ್ಟೆ, ವಾಸ, ಶಿಕ್ಷಣ, ವೈದ್ಯಕೀಯ ಆರೈಕೆ, ಅವಿವಾಹಿತ ಮಗಳಾದರೆ ಮದುವೆಯ ಖರ್ಚು ಕೂಡ. ಅಂತ್ಯಕ್ರಿಯೆ ಆ ಪಟ್ಟಿಯಲ್ಲಿ ಇಲ್ಲ.

ಮೊದಲ ಹಕ್ಕು ಮೃತರ ಆಸ್ತಿಯ ಮೇಲೆ

1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ಎರಡು ಕಲಂಗಳಿವೆ. ವಿಲ್ ಜಾರಿ ಮಾಡುವವರು ಮೃತರ ಸ್ಥಿತಿಗೆ ತಕ್ಕ ಅಂತ್ಯಕ್ರಿಯೆಗೆ ಹಣ ಒದಗಿಸಬೇಕು, ಅದೂ ಮೃತರು ಸಾಕಷ್ಟು ಆಸ್ತಿ ಬಿಟ್ಟಿದ್ದರೆ ಎನ್ನುತ್ತದೆ 316ನೇ ಕಲಂ. ಅಂತ್ಯಕ್ರಿಯೆಯ ಸಮಂಜಸ ಖರ್ಚು ಮತ್ತು ಕೊನೆಯ ಕಾಯಿಲೆಯ ವೈದ್ಯರ ಶುಲ್ಕದಂಥ ಖರ್ಚುಗಳನ್ನು ಬೇರೆ ಎಲ್ಲ ಸಾಲಗಳಿಗಿಂತ ಮೊದಲು ಕೊಡಬೇಕು ಎನ್ನುತ್ತದೆ 320ನೇ ಕಲಂ. ಇವು ವಿಲ್ ಜಾರಿಗಾರರಿಗೆ ಮತ್ತು ನ್ಯಾಯಾಲಯ ನೇಮಿಸಿದ ಆಡಳಿತಗಾರರಿಗೆ ಹೇಳಿದ ಮಾತು. ನಮ್ಮ ಬಹುಪಾಲು ಮನೆಗಳಲ್ಲಿ ವಿಲ್ಲೂ ಇರುವುದಿಲ್ಲ, ಆಡಳಿತಗಾರರೂ ಇರುವುದಿಲ್ಲ. ಆದರೂ ತತ್ವ ಅದೇ: ಆಸ್ತಿ ಪಡೆದವರು ಆ ಆಸ್ತಿಯಿಂದ ಕ್ರಿಯೆಯ ಖರ್ಚು ನೋಡಿಕೊಳ್ಳಬೇಕು.

ಇನ್ನು ಸಾಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 50ನೇ ಕಲಂ ಪ್ರಕಾರ ಮೃತರ ಸಾಲವನ್ನು ವಾರಸುದಾರರಿಂದ ವಸೂಲಿ ಮಾಡಬಹುದಾದ್ದು ಮೃತರಿಂದ ಅವರ ಕೈಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ. ತಂದೆಯ ಸಾಲ ತೀರಿಸುವುದು ಮಗನ ಧಾರ್ಮಿಕ ಕರ್ತವ್ಯ ಎಂಬ ಹಳೆಯ ನಿಯಮವನ್ನೂ ಕಾನೂನು ಬಿಟ್ಟುಕೊಟ್ಟಿದೆ. 2005ರ ತಿದ್ದುಪಡಿಯ ನಂತರ ಮಾಡಿದ ಸಾಲಕ್ಕೆ ಆ ಕಾರಣ ಹೇಳಿ ಮಗನ ಮೇಲೆ ದಾವೆ ನಡೆಯುವುದಿಲ್ಲ.

ಒಂದು ಲೆಕ್ಕ ನೋಡೋಣ. ಇದು ಕೇವಲ ಉದಾಹರಣೆ. ಗಂಡ ಬ್ಯಾಂಕಿನಲ್ಲಿ 80,000 ರೂಪಾಯಿ ಬಿಟ್ಟು ತೀರಿಕೊಂಡರು. ಬೇರೆ ಆಸ್ತಿ ಇಲ್ಲ. ಅಡವು ಇಲ್ಲದ ಸಾಲ 2 ಲಕ್ಷ ಇದೆ. ಆಂಬುಲೆನ್ಸ್, ಕಟ್ಟಿಗೆ, ಪುರೋಹಿತರು, ಅಗತ್ಯದ ವಿಧಿ ಎಲ್ಲ ಸೇರಿ 25,000 ಆಯಿತು. ಮೊದಲು 80,000ದಲ್ಲಿ 25,000 ಕ್ರಿಯೆಗೆ ಹೋಗುತ್ತದೆ. ಉಳಿದ 55,000 ಸಾಲಕ್ಕೆ. ಇನ್ನೂ ಬಾಕಿ ಇರುವ 1,45,000 ರೂಪಾಯಿಗೆ ಹೆಂಡತಿಯ ಕೂಲಿಯ ಮೇಲೆ, ಆಕೆಯ ಒಡವೆಯ ಮೇಲೆ ಸಾಲಗಾರರಿಗೆ ಹಕ್ಕು ಇಲ್ಲ.

ಒಂದು ಷರತ್ತು ಮಾತ್ರ ಇದೆ. ಆಕೆ ಆ ಸಾಲಕ್ಕೆ ಜೊತೆ ಸಾಲಗಾರಳೋ ಜಾಮೀನುದಾರಳೋ ಆಗಿ ಸಹಿ ಹಾಕಿರಬಾರದು. ಹಾಕಿದ್ದರೆ ಅದು ಆಕೆಯದ್ದೂ ಸಾಲ. ಹಾಗೆಯೇ ಮನೆ, ತೋಟ ಅಡವಿಟ್ಟಿದ್ದರೆ ಆ ಅಡವು ಸಾವಿನಿಂದ ಅಳಿಸಿಹೋಗುವುದಿಲ್ಲ.

ಊಟದ ಬಿಲ್ ಯಾರದ್ದು?

ನಿಜವಾದ ಜಗಳ ಹೆಚ್ಚಾಗಿ ಚಿತೆಯ ಖರ್ಚಿನದ್ದಲ್ಲ, ಉತ್ತರಕ್ರಿಯೆಯ ಊಟದ್ದು. ತೋಟದಲ್ಲೇ ದಹನ, ನೆರೆಕರೆಯವರದ್ದೇ ಕೆಲಸ ಇರುವ ಊರಿನಲ್ಲಿ ಮೊದಲ ದಿನದ ಖರ್ಚು ಅಷ್ಟೊಂದು ಆಗುವುದಿಲ್ಲ. ಮುಂದೆ ಕಾಗದ ಅಚ್ಚು ಹಾಕಿಸಿ, ಶಾಮಿಯಾನ ಹಾಕಿ, ಅಡುಗೆಯವರನ್ನು ಕರೆಸಿ ನೂರಾರು ಜನರಿಗೆ ಬಡಿಸುವಾಗ ಮೊತ್ತ ಏರುತ್ತದೆ.

ಕಾನೂನು ಮೊದಲ ಸ್ಥಾನ ಕೊಡುವುದು ಸಮಂಜಸ ಖರ್ಚಿಗೆ. ಸಮಂಜಸ ಎಂದರೆ ಮೃತರ ಸ್ಥಿತಿಗತಿಗೆ ತಕ್ಕದ್ದು. ದೊಡ್ಡ ತೋಟದ ಮನೆಗೆ ಸಮಂಜಸ ಎನಿಸುವ ಖರ್ಚು ರಬ್ಬರ್ ಟ್ಯಾಪಿಂಗ್ ಮಾಡಿ ಬದುಕುವ ಮನೆಗೆ ಸಮಂಜಸ ಆಗಬೇಕೆಂದಿಲ್ಲ. ಆದ್ದರಿಂದ ಮಾಡಿದ ಖರ್ಚೆಲ್ಲ ಅಂತ್ಯಕ್ರಿಯೆಯ ಖರ್ಚು ಎಂದು ಬರೆದು ಆಸ್ತಿಯಿಂದ ಕಳೆಯಲು ಬರುವುದಿಲ್ಲ.

ಇನ್ನು ಬಿಲ್ ಕೊಡಬೇಕಾದವರು ಯಾರು? ಹೇಳಿದವರು. ಅಡುಗೆಯವರಿಗೆ ಫೋನ್ ಮಾಡಿ 500 ಎಲೆ ಎಂದು ಒಪ್ಪಿಕೊಂಡದ್ದು ಮೃತರ ಅಣ್ಣನಾದರೆ ಅಡುಗೆಯವರ ಲೆಕ್ಕ ಅಣ್ಣನ ಜೊತೆ. "ಅತ್ತಿಗೆ ಕೊಡುತ್ತಾರೆ" ಎಂದು ಅವರು ಹೇಳಿದ್ದರೂ, ಅತ್ತಿಗೆ ಒಪ್ಪದೆ ಅದು ಅತ್ತಿಗೆಯ ಸಾಲ ಆಗುವುದಿಲ್ಲ. ಅಣ್ಣ ತಮ್ಮ ಕೈಯಿಂದ ಮಾಡಿದ ಸಮಂಜಸ ಖರ್ಚನ್ನು ಮೃತರ ಆಸ್ತಿಯಿಂದ ಕೇಳಬಹುದು. ಅದಕ್ಕೆ ರಶೀದಿ ಬೇಕು, ಪ್ರೀತಿಯಿಂದ ಉಚಿತವಾಗಿ ಮಾಡಿದ್ದಲ್ಲ ಎಂಬುದೂ ಸ್ಪಷ್ಟ ಇರಬೇಕು.

ಇದು ಹೆಂಡತಿಗೂ ಅನ್ವಯ. ಆಕೆ ತನ್ನ ಉಳಿತಾಯದಿಂದ ಕ್ರಿಯೆ ಮಾಡಿಸಿದ್ದರೆ, ಆಸ್ತಿ ಪಾಲಾಗುವಾಗ ಆ ಖರ್ಚನ್ನು ಮೊದಲು ಕಳೆಯಿರಿ ಎಂದು ಕೇಳುವ ದಾರಿ ಆಕೆಗಿದೆ. ಗಂಡ ವಿಲ್ ಬರೆಯದೆ ತೀರಿಕೊಂಡ ಹಿಂದೂ ಕುಟುಂಬದಲ್ಲಿ ಹೆಂಡತಿ, ಮಗ, ಮಗಳು, ಗಂಡನ ತಾಯಿ ಇವರೆಲ್ಲ ಮೊದಲ ವರ್ಗದ ವಾರಸುದಾರರು. ಗಂಡನ ಸ್ವಂತ ಆಸ್ತಿಯಲ್ಲಿ ಪಾಲೂ ಸಮ. ಪಾಲು ಎಲ್ಲರಿಗೂ, ಖರ್ಚು ಮಾತ್ರ ಒಬ್ಬಳಿಗೆ ಎಂಬ ನ್ಯಾಯ ಇಲ್ಲ.

ಹೆಂಡತಿ ತೀರಿಕೊಂಡರೆ?

ಪ್ರಶ್ನೆಯನ್ನು ತಿರುಗಿಸಿ ನೋಡಿದರೆ ನಮ್ಮ ಜಿಲ್ಲೆಯ ಒಂದು ವಿಶೇಷ ಕಾಣುತ್ತದೆ. ತುಳುನಾಡಿನ ಹಲವು ಸಮುದಾಯಗಳಲ್ಲಿ ಅಳಿಯಕಟ್ಟು ಇತ್ತು. ಗಂಡ ಒಂದು ಕುಟುಂಬಕ್ಕೆ ಸೇರಿದವನು, ಹೆಂಡತಿ ಮತ್ತು ಮಕ್ಕಳು ಇನ್ನೊಂದಕ್ಕೆ. ಆಸ್ತಿ ತಾಯಿಯ ಕಡೆಯಿಂದ ಹರಿಯುತ್ತಿತ್ತು, ಅದನ್ನು ನೋಡಿಕೊಳ್ಳುತ್ತಿದ್ದುದು ಕುಟುಂಬದ ಯಜಮಾನ. ಅಲ್ಲಿ ಗಂಡ ಹೆಂಡತಿ ಪರಸ್ಪರ ವಾರಸುದಾರರೇ ಆಗಿರಲಿಲ್ಲ.

ಅದರ ನೆರಳು ಇಂದಿನ ಕಾನೂನಿನಲ್ಲೂ ಇದೆ. ಸಾಮಾನ್ಯವಾಗಿ ಹಿಂದೂ ಮಹಿಳೆ ವಿಲ್ ಇಲ್ಲದೆ ತೀರಿಕೊಂಡರೆ ಮಕ್ಕಳ ಜೊತೆ ಗಂಡನೂ ಮೊದಲ ಸಾಲಿನಲ್ಲಿ ಬರುತ್ತಾನೆ. ಆದರೆ ಅಳಿಯಸಂತಾನ ಕಾನೂನಿಗೆ ಒಳಪಡುತ್ತಿದ್ದ ಮಹಿಳೆಯ ವಿಷಯದಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಯ 17ನೇ ಕಲಂ ಬೇರೆ ಕ್ರಮ ಹೇಳುತ್ತದೆ. ಮೊದಲು ಮಕ್ಕಳು ಮತ್ತು ಆಕೆಯ ತಾಯಿ. ಅವರು ಯಾರೂ ಇಲ್ಲದಿದ್ದರೆ ಮಾತ್ರ ತಂದೆ ಮತ್ತು ಗಂಡ.

ಅಂದರೆ ಮಕ್ಕಳಿರುವ ಅಂಥ ಕುಟುಂಬದಲ್ಲಿ ಹೆಂಡತಿಯ ಆಸ್ತಿಯಲ್ಲಿ ಗಂಡನಿಗೆ ಪಾಲೇ ಇಲ್ಲದಿರಬಹುದು. ಆದರೂ ಆಸ್ಪತ್ರೆಯಿಂದ ಸ್ಮಶಾನದವರೆಗಿನ ಖರ್ಚು ಆತನೇ ಮಾಡಿರಬಹುದು. ಅಂಥವರು ರಶೀದಿ ಇಟ್ಟುಕೊಳ್ಳುವುದು ಸಣ್ಣತನವಲ್ಲ, ಅಗತ್ಯ.

ಮುಸ್ಲಿಂ ಕಾನೂನಿನಲ್ಲಿ ಕ್ರಮ ಬಹಳ ಸ್ಪಷ್ಟ. ಮೃತರ ಆಸ್ತಿಯಿಂದ ಮೊದಲು ಅಂತ್ಯಕ್ರಿಯೆ, ಆಮೇಲೆ ಸಾಲ, ಆಮೇಲೆ ಮೂರನೇ ಒಂದು ಭಾಗ ಮೀರದ ವಸಿಯ್ಯತ್, ಕೊನೆಗೆ ವಾರಸುದಾರರ ಪಾಲು. ಹೆಂಡತಿ ತೀರಿಕೊಂಡಾಗ ಆಕೆಯ ಕಫನ್ ಖರ್ಚು ಗಂಡನದ್ದು ಎಂಬ ಅಭಿಪ್ರಾಯ ಶಾಫಿ ಮತ್ತು ಹನಫಿ ಪಂಥಗಳ ಗ್ರಂಥಗಳಲ್ಲಿ ಬಲವಾಗಿದೆ. ಗಂಡ ತೀರಿಕೊಂಡಾಗ ಹೆಂಡತಿಯ ಮೇಲೆ ಅಂಥ ಹೊಣೆ ಇಲ್ಲ.

ಕ್ರೈಸ್ತರಿಗೆ ಮೇಲೆ ಹೇಳಿದ 1925ರ ಉತ್ತರಾಧಿಕಾರ ಕಾಯ್ದೆಯೇ ಅನ್ವಯ. ಮೊದಲು ಅಂತ್ಯಕ್ರಿಯೆ, ಆಮೇಲೆ ಸಾಲ, ಉಳಿದದ್ದು ವಾರಸುದಾರರಿಗೆ.

"ಕೊಳ್ಳಿ ಇಟ್ಟವರಿಗೇ ಆಸ್ತಿ" ನಿಜವೇ?

ಸುಳ್ಳು. ಆಸ್ತಿ ಯಾರಿಗೆ ಎಂದು ಹೇಳುವುದು ಉತ್ತರಾಧಿಕಾರದ ಕಾನೂನು ಅಥವಾ ವಿಲ್. ಚಿತೆಗೆ ಬೆಂಕಿ ಕೊಟ್ಟ ಕಾರಣಕ್ಕೆ ಯಾರಿಗೂ ಹೆಚ್ಚು ಪಾಲು ಬರುವುದಿಲ್ಲ, ಕೊಡದ ಕಾರಣಕ್ಕೆ ಯಾರ ಪಾಲೂ ಕಡಿಮೆಯಾಗುವುದಿಲ್ಲ. ಮಗಳೋ ಹೆಂಡತಿಯೋ ಬೆಂಕಿ ಕೊಡುವುದಕ್ಕೆ ಕಾನೂನಿನ ಅಡ್ಡಿಯೂ ಇಲ್ಲ.

ಈ ನಂಬಿಕೆಗೂ ಹಿನ್ನೆಲೆ ಇದೆ. ಬಂಗಾಳದ ಕಡೆ ನಡೆಯುತ್ತಿದ್ದ ದಾಯಭಾಗ ಪದ್ಧತಿ ಪಿಂಡ ಕೊಡುವ ಅಧಿಕಾರಕ್ಕೂ ಆಸ್ತಿಯ ಹಕ್ಕಿಗೂ ಗಂಟು ಹಾಕಿತ್ತು. ನಮ್ಮ ಕಡೆ ನಡೆಯುತ್ತಿದ್ದ ಮಿತಾಕ್ಷರ ಪದ್ಧತಿ ನೋಡುತ್ತಿದ್ದುದು ರಕ್ತಸಂಬಂಧದ ಹತ್ತಿರವನ್ನು. 1956ರ ನಂತರ ಎರಡೂ ಕಡೆ ಕಾಯ್ದೆಯ ಪಟ್ಟಿಯೇ ಲೆಕ್ಕ.

ಬಾಕಿ ಇದ್ದರೆ ಆಸ್ಪತ್ರೆ ಶವ ಕೊಡುವುದಿಲ್ಲವೇ?

ಘಟ್ಟದ ಬುಡದ ಊರಿನವರು ಗಂಭೀರ ಕಾಯಿಲೆಗೆ ಸುಳ್ಯ, ಮಡಿಕೇರಿ, ಪುತ್ತೂರು ಅಥವಾ ಮಂಗಳೂರಿಗೆ ಹೋಗಬೇಕು. ಅಲ್ಲಿ ಸಾವಾದಾಗ ಕುಟುಂಬ ಹೆದರುವುದು ಬಿಲ್ಲಿಗೆ.

ಕರ್ನಾಟಕದಲ್ಲಿ 2017ರಲ್ಲಿ ತಿದ್ದುಪಡಿಯಾದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಪ್ರಕಾರ ಬಾಕಿ ಇದೆ ಎಂಬ ಕಾರಣಕ್ಕೆ ಶವವನ್ನು ತಡೆದಿಟ್ಟುಕೊಳ್ಳುವಂತಿಲ್ಲ. ಬಾಕಿಯನ್ನು ಆಸ್ಪತ್ರೆ ಆಮೇಲೆ ಕಾನೂನಿನ ದಾರಿಯಲ್ಲಿ ವಸೂಲಿ ಮಾಡಿಕೊಳ್ಳಬಹುದು. 2021ರಲ್ಲಿ ಕೋವಿಡ್ ಎರಡನೇ ಅಲೆಯ ಹೊತ್ತಿನಲ್ಲಿ ರಾಜ್ಯ ಸರ್ಕಾರ ಇದನ್ನು ಖಾಸಗಿ ಆಸ್ಪತ್ರೆಗಳಿಗೆ ಮತ್ತೆ ನೆನಪಿಸಿತ್ತು.

ಬಿಲ್ ಮನ್ನಾ ಆಯಿತು ಎಂದು ಇದರ ಅರ್ಥವಲ್ಲ. ದಾಖಲು ಮಾಡುವಾಗ "ಎಲ್ಲ ವೆಚ್ಚ ನಾನು ಭರಿಸುತ್ತೇನೆ" ಎಂಬ ಕಾಗದಕ್ಕೆ ಸಹಿ ಹಾಕಿದವರ ಹೊಣೆ ಉಳಿಯುತ್ತದೆ.

ಅಪಘಾತ, ಆತ್ಮಹತ್ಯೆ, ಅನುಮಾನಾಸ್ಪದ ಸಾವು ಆದರೆ ಮರಣೋತ್ತರ ಪರೀಕ್ಷೆ ಮುಗಿಯುವವರೆಗೆ ಶವ ಸಿಗುವುದಿಲ್ಲ. ಅದು ಪೊಲೀಸ್ ಪ್ರಕ್ರಿಯೆ, ಬಿಲ್ಲಿಗೂ ಅದಕ್ಕೂ ಸಂಬಂಧವಿಲ್ಲ.

ಹಣ ಎಲ್ಲಿಂದ ಬರಬಹುದು?

ಸಾಲಕ್ಕೆ ಕೈಚಾಚುವ ಮೊದಲು ಕೆಳಗಿನವುಗಳನ್ನು ಒಮ್ಮೆ ನೋಡಿ. ಬಹಳ ಮನೆಗಳಲ್ಲಿ ಇದ್ದ ಹಕ್ಕೇ ಗೊತ್ತಿಲ್ಲದೆ ತಪ್ಪಿಹೋಗುತ್ತದೆ.

ಅಂತ್ಯ ಸಂಸ್ಕಾರ ಸಹಾಯ ನಿಧಿ: ಬಿಪಿಎಲ್ ಕುಟುಂಬಗಳಿಗೆ ಕಂದಾಯ ಇಲಾಖೆಯ ಯೋಜನೆ. ಮೊತ್ತ 5,000 ರೂಪಾಯಿ ಎಂದು ನಿಗದಿಯಾಗಿತ್ತು. ಸದ್ಯ ಅನುದಾನ ಇದೆಯೇ ಎಂದು ನಾಡಕಚೇರಿಯಲ್ಲಿ ಕೇಳಿ ಅರ್ಜಿ ಕೊಡಿ.

ರಾಷ್ಟ್ರೀಯ ಕುಟುಂಬ ನೆರವು ಯೋಜನೆ: ಬಿಪಿಎಲ್ ಕುಟುಂಬದಲ್ಲಿ ದುಡಿದು ಸಾಕುತ್ತಿದ್ದ 18ರಿಂದ 59 ವರ್ಷದ ಮುಖ್ಯ ಸದಸ್ಯರು ತೀರಿಕೊಂಡರೆ ಒಂದು ಬಾರಿಗೆ 20,000 ರೂಪಾಯಿ.

ಇಎಸ್‌ಐ: ವಿಮೆ ಇದ್ದ ನೌಕರರು ತೀರಿಕೊಂಡರೆ ಅಂತ್ಯಕ್ರಿಯೆಗೆ 15,000 ರೂಪಾಯಿವರೆಗೆ ಸಿಗುತ್ತದೆ. ಇದು ಕುಟುಂಬದ ಹಿರಿಯ ಸದಸ್ಯರಿಗೆ. ಮೃತರು ಕುಟುಂಬದ ಜೊತೆ ಇರಲಿಲ್ಲವಾದರೆ ನಿಜವಾಗಿ ಖರ್ಚು ಮಾಡಿದವರಿಗೆ. 3 ತಿಂಗಳೊಳಗೆ ಕೇಳಬೇಕು.

ಕೆಲಸದ ಹೊತ್ತಿನ ಸಾವು: ಕೆಲಸದ ಅಪಘಾತದಲ್ಲಿ ನೌಕರ ಸತ್ತರೆ ಮಾಲೀಕರು ಪರಿಹಾರದ ಜೊತೆ ಅಂತ್ಯಕ್ರಿಯೆಗೆ ಕನಿಷ್ಠ 5,000 ರೂಪಾಯಿ ಕಟ್ಟಬೇಕು ಎಂದು ನೌಕರರ ಪರಿಹಾರ ಕಾಯ್ದೆ ಹೇಳುತ್ತಿತ್ತು. ತೋಟದ ಕೆಲಸದಲ್ಲಿ ಮರದಿಂದ ಬಿದ್ದು ಸತ್ತವರ ಕುಟುಂಬ ಈ ಪರಿಹಾರದ ಬಗ್ಗೆ ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸಲೇಬೇಕು. ಕಟ್ಟಡ ಕಾರ್ಮಿಕರ ಕಾರ್ಡ್ ಇದ್ದರೆ ಅದರ ಮಂಡಳಿಯಿಂದಲೂ ಅಂತ್ಯಕ್ರಿಯೆಯ ನೆರವು ಇದೆ.

ರಸ್ತೆ ಅಪಘಾತ: ಸಂಪಾಜೆಯ ಮೂಲಕ ಹೋಗುವ ರಾಷ್ಟ್ರೀಯ ಹೆದ್ದಾರಿ 275ರ ತಿರುವುಗಳು ಎಲ್ಲರಿಗೂ ಗೊತ್ತು. ಅಪಘಾತದ ಪರಿಹಾರದಲ್ಲಿ ಅಂತ್ಯಕ್ರಿಯೆಗೇ ಒಂದು ಪ್ರತ್ಯೇಕ ಮೊತ್ತ ಇದೆ. ಸುಪ್ರೀಂ ಕೋರ್ಟ್ 2017ರ ಪ್ರಣಯ್ ಸೇಠಿ ತೀರ್ಪಿನಲ್ಲಿ ಇದನ್ನು 15,000 ರೂಪಾಯಿ ಎಂದು ನಿಗದಿ ಮಾಡಿ, 3 ವರ್ಷಕ್ಕೊಮ್ಮೆ ಶೇಕಡಾ 10 ಏರಿಸಲು ಹೇಳಿತು. ಆ ಲೆಕ್ಕದಲ್ಲಿ 2020ಕ್ಕೆ 16,500, 2023ಕ್ಕೆ 18,150. ಅರ್ಜಿಯನ್ನು 6 ತಿಂಗಳೊಳಗೆ ಹಾಕುವುದು ಒಳ್ಳೆಯದು.

ಬ್ಯಾಂಕ್ ವಿಮೆ: ಮೃತರ ಪಾಸ್‌ಬುಕ್ ತೆರೆದು ನೋಡಿ. ವರ್ಷಕ್ಕೊಮ್ಮೆ 436 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನ ಮಂತ್ರಿ ಜೀವನ ಜ್ಯೋತಿ ವಿಮೆ ಇರಬಹುದು. 20 ರೂಪಾಯಿ ಕಡಿತವಾಗಿದ್ದರೆ ಸುರಕ್ಷಾ ವಿಮೆ ಇರಬಹುದು. ಮೊದಲನೆಯದರಲ್ಲಿ ಸಾವಿಗೆ 2 ಲಕ್ಷ, ಎರಡನೆಯದರಲ್ಲಿ ಅಪಘಾತದ ಸಾವಿಗೆ 2 ಲಕ್ಷ. ಪಿಎಫ್ ಇದ್ದವರಿಗೆ, ಬೀಡಿ ಕಟ್ಟುವವರೂ ಸೇರಿ, ಪಿಎಫ್ ಜೊತೆಗೇ ಇನ್ನೊಂದು ವಿಮೆ ಇರುತ್ತದೆ. ಸಂಘದ ಸಾಲಕ್ಕೂ ವಿಮೆ ಮಾಡಿಸಿದ್ದಾರೆಯೇ ಎಂದು ಕೇಳಿ.

ಪ್ರಕೃತಿ ವಿಕೋಪ: 2018ರ ಆಗಸ್ಟ್‌ನಲ್ಲಿ ಸಂಪಾಜೆಯ ಮೇಲಿನ ಜೋಡುಪಾಲದಲ್ಲಿ ಗುಡ್ಡ ಜರಿದದ್ದನ್ನು ಈ ಕಡೆಯವರು ಮರೆತಿಲ್ಲ. ಇಂಥ ಸಾವಿಗೆ ವಿಪತ್ತು ಪರಿಹಾರ ನಿಧಿಯಿಂದ 4 ಲಕ್ಷ ರೂಪಾಯಿ ಕೊಡುವ ನಿಯಮ ಇದೆ.

ಒಂದು ಮಾತು ನೆನಪಿಡಿ: ಈ ನೆರವುಗಳಲ್ಲಿ ಹೆಚ್ಚಿನವು ಕೈಗೆ ಬರಲು ವಾರಗಳೋ ತಿಂಗಳುಗಳೋ ಬೇಕು. ಮೊದಲ ದಿನದ ಖರ್ಚಿಗೆ ಇವನ್ನು ನಂಬಿ ದೊಡ್ಡ ಊಟಕ್ಕೆ ಮಾತು ಕೊಡಬೇಡಿ.

ಏನೂ ಇಲ್ಲದಿದ್ದರೆ?

ಮೃತರ ಆಸ್ತಿ ಇಲ್ಲ, ಕುಟುಂಬದ ಕೈಯಲ್ಲೂ ಇಲ್ಲ. ಆಗಲೂ ಗೌರವದ ಅಂತ್ಯಕ್ರಿಯೆ ಎನ್ನುವುದು ದಯೆ ಅಲ್ಲ. ಮನುಷ್ಯನ ಘನತೆಯ ಹಕ್ಕು ಸತ್ತ ನಂತರ ದೇಹಕ್ಕೂ ಇದೆ ಎಂದು ಸುಪ್ರೀಂ ಕೋರ್ಟ್ ಪರಮಾನಂದ ಕಟಾರ ಪ್ರಕರಣದಲ್ಲಿ 1995ರಲ್ಲಿ ಹೇಳಿತು. ಮನೆಯಿಲ್ಲದವರ ವಿಷಯದಲ್ಲಿ 2002ರ ಆಶ್ರಯ ಅಧಿಕಾರ ಅಭಿಯಾನ ಪ್ರಕರಣದಲ್ಲೂ ಅದೇ ಮಾತು ಬಂತು. ಸ್ಮಶಾನದ ವ್ಯವಸ್ಥೆ ಗ್ರಾಮ ಪಂಚಾಯತ್‌ನ ಹೊಣೆಗಳಲ್ಲಿ ಒಂದು. ಜಾಗ ಇಲ್ಲದ ಮನೆಯವರು ಪಂಚಾಯತ್ ಸದಸ್ಯರನ್ನೋ ಅಭಿವೃದ್ಧಿ ಅಧಿಕಾರಿಯನ್ನೋ ಕೇಳಲು ಹಿಂಜರಿಯಬೇಕಿಲ್ಲ.

ಮೊದಲ ಮೂರು ವಾರ ಏನು ಮಾಡಬೇಕು?

1. ಮರಣ ನೋಂದಣಿ 21 ದಿನದೊಳಗೆ ಮಾಡಿಸಿ. ನೋಂದಣಿ ಆಗುವುದು ಸಾವು ಸಂಭವಿಸಿದ ಜಾಗದಲ್ಲಿ. ಮನೆಯಲ್ಲಿ ಸಾವಾದರೆ ಊರಿನಲ್ಲೇ, ಮಂಗಳೂರಿನ ಆಸ್ಪತ್ರೆಯಲ್ಲಾದರೆ ಅಲ್ಲಿ.

2. ಯಾವ ಸಂಪಾಜೆ ಎಂದು ನೋಡಿಕೊಳ್ಳಿ. ದಕ್ಷಿಣ ಕನ್ನಡದ ಸಂಪಾಜೆ ಸುಳ್ಯ ತಾಲೂಕು, ಕೊಡಗಿನ ಸಂಪಾಜೆ ಮಡಿಕೇರಿ ತಾಲೂಕು. ಹೆಸರು ಒಂದೇ, ತಹಶೀಲ್ದಾರರು ಬೇರೆ. ನೆರವಿನ ಅರ್ಜಿ ವಾಸದ ತಾಲೂಕಿಗೇ ಹೋಗಬೇಕು.

3. ಎಲ್ಲ ಖರ್ಚಿಗೂ ರಶೀದಿ ಇಡಿ. ರಶೀದಿ ಇಲ್ಲದ ಕೂಲಿ, ಕಟ್ಟಿಗೆಯನ್ನು ಒಂದು ಪುಸ್ತಕದಲ್ಲಿ ದಿನಾಂಕ ಹಾಕಿ ಬರೆದು, ಹಣ ಪಡೆದವರ ಸಹಿ ಮಾಡಿಸಿ. ಗೂಗಲ್ ಪೇ, ಫೋನ್ ಪೇ ಮೂಲಕ ಕೊಟ್ಟರೆ ದಾಖಲೆ ತಾನಾಗಿಯೇ ಉಳಿಯುತ್ತದೆ.

4. ಮೃತರ ಎಟಿಎಂ ಕಾರ್ಡಿನಿಂದ ಹಣ ತೆಗೆಯಬೇಡಿ. ಖರ್ಚು ನ್ಯಾಯದ್ದೇ ಆದರೂ ಮುಂದೆ ಬೇರೆ ವಾರಸುದಾರರು ಪ್ರಶ್ನೆ ಮಾಡಬಹುದು. ಬ್ಯಾಂಕಿಗೆ ಮರಣ ಪ್ರಮಾಣಪತ್ರ ಕೊಟ್ಟು ನಾಮಿನಿಯ ಮೂಲಕ ಪಡೆಯಿರಿ. ಖಾತೆಯ ನಾಮಿನಿ ಹಣ ಪಡೆದುಕೊಳ್ಳುವವರು, ಸಾಮಾನ್ಯವಾಗಿ ಅದರ ಏಕೈಕ ಒಡೆಯರಲ್ಲ.

5. ದುಃಖದ ಮೊದಲ ದಿನಗಳಲ್ಲಿ ಯಾವ ಬಿಳಿ ಹಾಳೆಗೂ, ಸ್ಟಾಂಪ್ ಪೇಪರಿಗೂ, ಸಾಲದ ಮರುಪತ್ರಕ್ಕೂ ಸಹಿ ಹಾಕಬೇಡಿ. "ಹದಿಮೂರು ಕಳೆಯಲಿ, ಆಮೇಲೆ ನೋಡೋಣ" ಎಂದು ಹೇಳಿದರೆ ಯಾವ ಹಕ್ಕೂ ಹೋಗುವುದಿಲ್ಲ.

6. ಜಾಗ ಇದ್ದರೆ ಮುಂದೆ ವಂಶವೃಕ್ಷ ಮಾಡಿಸಿ ಪೌತಿ ಖಾತೆಗೆ ಅರ್ಜಿ ಹಾಕಿ. ಹೆಂಡತಿಯ ಹೆಸರು ಅದರಲ್ಲಿ ಇದೆಯೇ ನೋಡಿ.

7. ಯಾರಾದರೂ ಒತ್ತಾಯ ಮಾಡಿದರೆ, ನೋಟಿಸ್ ಬಂದರೆ, ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಸಹಾಯವಾಣಿ ಸಂಖ್ಯೆ 15100.

ಕೊನೆಗೆ ಒಂದು ಮಾತು

ಕಾನೂನು ಹೊಣೆ ಹೊರಿಸಿಲ್ಲ ಎಂದ ಮಾತ್ರಕ್ಕೆ ಯಾರೂ ಕ್ರಿಯೆ ಮಾಡಬಾರದು ಎಂದಲ್ಲ. ಹೆಚ್ಚಿನವರು ಪ್ರೀತಿಯಿಂದ, ಗೌರವದಿಂದ ಮಾಡುತ್ತಾರೆ. ಮಾಡಲಿ. ಆದರೆ ಪ್ರೀತಿಗೆ ಮಾಡುವ ಖರ್ಚು ಬೇರೆ, ಕಾನೂನಿನ ಹೆಸರು ಹೇಳಿ ಹೆದರಿಸಿ ಮಾಡಿಸುವ ಖರ್ಚು ಬೇರೆ. ನಿನ್ನೆ ತನಕ ಇಬ್ಬರು ದುಡಿಯುತ್ತಿದ್ದ ಮನೆಯಲ್ಲಿ ಇವತ್ತು ಒಬ್ಬರು. ಅವರ ಮೇಲೆ ಇಲ್ಲದ ಕಾನೂನು ಹೇಳಿ ಸಾಲ ಏರಿಸುವುದು ಸತ್ತವರಿಗೂ ಗೌರವವಲ್ಲ.

ನಮ್ಮ ಊರುಗಳಲ್ಲಿ ಇದಕ್ಕೆ ಉತ್ತರ ಮೊದಲೇ ಇತ್ತು. ಸಾವಿನ ಮನೆಗೆ ಕಟ್ಟಿಗೆ ತರುವವರು, ಗುಂಡಿ ತೋಡುವವರು, ಗಂಜಿ ಬೇಯಿಸಿ ತಂದು ಕೊಡುವವರು ನೆರೆಕರೆಯವರೇ. ಅದನ್ನು ಉಳಿಸಿಕೊಂಡರೆ ಅರ್ಧ ಖರ್ಚು ಇಲ್ಲ.

ಗ್ರೂಪಿಗೆ ಕಳಿಸುವುದಾದರೆ ಈ ನಾಲ್ಕು ಸಾಲು ಕಳಿಸಿ:

ಅಂತ್ಯಕ್ರಿಯೆಯ ಸಮಂಜಸ ಖರ್ಚು ಮೊದಲು ಮೃತರ ಆಸ್ತಿಯಿಂದ.
ಹೆಂಡತಿ ಎಂಬ ಕಾರಣಕ್ಕೆ ಸ್ವಂತ ದುಡಿಮೆಯಿಂದ ಕೊಡಲೇಬೇಕು ಎಂಬ ಕಾನೂನು ಇಲ್ಲ.
ಯಾರು ಒಪ್ಪಿಕೊಂಡು ಹೇಳಿದರೋ, ಸಹಿ ಹಾಕಿದರೋ ಅವರದ್ದೇ ಹೊಣೆ. ದುಃಖದಲ್ಲಿ ಸಹಿ ಬೇಡ.
21 ದಿನದೊಳಗೆ ಮರಣ ನೋಂದಣಿ, ಎಲ್ಲದಕ್ಕೂ ರಶೀದಿ, ಉಚಿತ ಕಾನೂನು ನೆರವಿಗೆ 15100.